ಅಬ್ನೇರನ ಚಟ್ಟದ ಹಿಂದೆ ದಾವೀದ ಅತ್ತಿದ್ದು ನಿಜಾನಾ, ನಾಟಕಾನಾ?

ಸಂಜೆಓದು

ನಮ್ಮದೊಂದು ಚಿಕ್ಕ ಓದುಗರ ಗುಂಪಿದೆ, ಈಗ ಬೈಬಲ್ಲಿನ ಸಮುವೇಲನ ಎರಡು ಪುಸ್ತಕ ಹಿಡ್ಕೊಂಡಿದೀವಿ. ಚರ್ಚ್‌ಗೆ ಹೋಗೋರೂ ಇದಾರೆ, ಹೋಗದೇ ಇರೋರೂ ಇದಾರೆ, ನಾನು ಎರಡನೇ ಪೈಕಿ. 2 ಸಮುವೇಲ 3ನೇ ಅಧ್ಯಾಯಕ್ಕೆ ಬಂದು ಗಾಡಿ ನಿಂತ್ಹೋಗಿದೆ. ವಿಷಯ ಏನಂದ್ರೆ, ಇಸ್ರಾಯೇಲಿನ ರಾಜ ಸೌಲ ಸತ್ತ ಮೇಲೆ ಅವನ ಸೇನಾಪತಿ ಅಬ್ನೇರ, ಸೌಲನ ಮಗನ ಪಕ್ಷ ಬಿಟ್ಟು, ಹೆಬ್ರೋನಲ್ಲಿ ರಾಜನಾಗಿರೋ ದಾವೀದನ ಕಡೆ ವಾಲ್ತಾನೆ, ಅಲ್ಲಿಗೆ ಬಂದು ಊಟ ಮಾಡಿ ಮಾತುಕತೆ ಮುಗಿಸಿ ಹೊರಡ್ತಾನೆ. ದಾವೀದನ ಸೇನಾಪತಿ ಯೋವಾಬ ಅವನನ್ನ ದಾರಿಯಿಂದ ವಾಪಸ್ ಕರೆಸಿ, ಊರಬಾಗಿಲಲ್ಲಿ ಏನೋ ಗುಟ್ಟು ಹೇಳೋನ ಥರ ಪಕ್ಕಕ್ಕೆ ಕರ್ಕೊಂಡು ಹೋಗಿ ಹೊಟ್ಟೆಗೆ ತಿವಿದು ಸಾಯಿಸ್ತಾನೆ. ಆಮೇಲೆ ದಾವೀದ ಮಾಡೋದು ನೋಡಿ, ಬಟ್ಟೆ ಹರ್ಕೊಳ್ಳಿ, ಗೋಣಿತಟ್ಟು ಕಟ್ಕೊಳ್ಳಿ, ಹೆಣದ ಮುಂದೆ ಗೋಳಾಡ್ತಾ ನಡೀರಿ ಅಂತ ಎಲ್ರಿಗೂ ಆರ್ಡರ್, ಕೊಂದ ಯೋವಾಬನಿಗೂ ಸೇರಿಸಿ! ತಾನು ಚಟ್ಟದ ಹಿಂದೆ ನಡೀತಾನೆ, ಸಮಾಧಿ ಹತ್ರ ಗಟ್ಟಿಯಾಗಿ ಅಳ್ತಾನೆ, ಶೋಕಗೀತೆ ಹೇಳ್ತಾನೆ, ಜನ ಊಟ ಮಾಡಿಸೋಕೆ ಬಂದ್ರೆ ಹೊತ್ತು ಮುಳುಗೋ ತನಕ ಏನೂ ಮುಟ್ಟಲ್ಲ ಅಂತ ಆಣೆ ಇಡ್ತಾನೆ. ಅದರ ಹಿಂದೇನೇ ಕಥೆ ಹೇಳೋನು ಇನ್ನೊಂದು ಮಾತು ಸೇರಿಸ್ತಾನೆ, ಜನ ಇದನ್ನೆಲ್ಲ ನೋಡಿ ಮೆಚ್ಕೊಂಡ್ರು, ಅಬ್ನೇರನನ್ನ ಕೊಲ್ಲಿಸಿದ್ದು ರಾಜ ಅಲ್ಲ ಅಂತ ಆವತ್ತು ಎಲ್ರಿಗೂ ಗೊತ್ತಾಯ್ತು ಅಂತ.

ನನ್ನ ಪ್ರಕಾರ ಇದು ಪಕ್ಕಾ ರಾಜಕೀಯ. ಗುಂಪಲ್ಲಿರೋ ಹಿರಿಯರೊಬ್ಬರು, ಹಂಗೆಲ್ಲ ಹೇಳ್ಬೇಡ, ಆ ಕಾಲದಲ್ಲಿ ದುಃಖ ಅಂದ್ರೇನೇ ಹಿಂಗೆ ನಾಲ್ಕು ಜನರ ಎದುರು ಮಾಡೋದು ಅಂತ ಬೈದ್ರು. ನೀವೇನಂತೀರಾ? ಈ ಬಟ್ಟೆ ಹರಿಯೋದು, ಗೋಣಿ, ಬೂದಿ, ಉಪವಾಸ, ಇದರ ಲೆಕ್ಕಾಚಾರ ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ.

ಬಯಲುಸೀಮೆ_ಬಸ್ಯಾ

ನಾಟಕ. ಮುಂದಿನ ಪ್ರಶ್ನೆ ಕೇಳ್ರಿ.

ಕಡಲಕರೆ_ಟೀಚರ್

ಅಷ್ಟು ಸಲೀಸಾಗಿ ಹೇಳ್ಲಿಕ್ಕೆ ಆಗುದಿಲ್ಲ ಮಾರಾಯ್ರೆ. ದಾವೀದ ಮಾಡಿದ್ದರಲ್ಲಿ ಹೊಸತು ಅಂತ ಒಂದೂ ಇಲ್ಲ. ಮಗ ಯೋಸೇಫನ ರಕ್ತ ಹತ್ತಿದ ಅಂಗಿ ನೋಡಿ ಯಾಕೋಬ ಬಟ್ಟೆ ಹರ್ಕೊಂಡು ಸೊಂಟಕ್ಕೆ ಗೋಣಿತಟ್ಟು ಕಟ್ಟಿದ, ಮಕ್ಕಳು ಸಮಾಧಾನ ಮಾಡ್ಲಿಕ್ಕೆ ಬಂದ್ರೆ ಬೇಡ ಅಂದ. ಅಣ್ಣನೇ ಕೆಡಿಸಿದ, ದಾವೀದನ ಮಗಳು ತಾಮಾರ ತಲೆಗೆ ಬೂದಿ ಹಾಕಿ ಅಂಗಿ ಹರಿದು ಕೂಗ್ತಾ ಹೋದ್ಲು. ಎಲ್ಲ ಕಳ್ಕೊಂಡ ಯೋಬನ ಮೂರು ಜನ ಗೆಳೆಯರು ದೂರದಿಂದ ಅವನ ಗುರುತು ಸಿಗದೆ ಬಟ್ಟೆ ಹರ್ಕೊಂಡು, ತಲೆ ಮೇಲೆ ಮಣ್ಣು ತೂರಿ, 7 ಹಗಲು 7 ರಾತ್ರಿ ಅವನ ಜೊತೆ ನೆಲದ ಮೇಲೆ ಮಾತಾಡದೆ ಕೂತ್ರು. ಇವರೆಲ್ಲ ಯಾರ ವೋಟಿಗೆ ನಾಟಕ ಮಾಡಿದ್ದು? ನಮ್ಮ ಕಣ್ಣಿಗೆ ಅತಿ ಅಂತ ಕಾಣುದು ಅವರಿಗೆ ದಿನನಿತ್ಯದ ಮರ್ಯಾದೆ. ಸಾವಿನ ಮನೆಯಲ್ಲಿ ಸುಮ್ಮನೆ ನಿಂತರೇ ತಪ್ಪು ತಿಳ್ಕೊಳ್ತಿದ್ರು.

ಮತ್ತೆ ಎಸ್ತೇರಳ ಪುಸ್ತಕದಲ್ಲಿ ಒಂದು ಸಣ್ಣ ವಿಷಯ ಉಂಟು. ರಾಣಿ ಎಸ್ತೇರಳ ಬಂಧು ಮೊರ್ದೆಕೈ ಗೋಣಿ ಉಟ್ಟು ಬೂದಿ ಹಾಕ್ಕೊಂಡು ಊರಿನ ಮಧ್ಯ ಕೂಗ್ತಾ ಹೋಗ್ತಾನೆ, ಆದ್ರೆ ಅರಮನೆ ಬಾಗಿಲಲ್ಲಿ ನಿಲ್ತಾನೆ, ಯಾಕಂದ್ರೆ ಗೋಣಿ ಉಟ್ಟವರಿಗೆ ಒಳಗೆ ಪ್ರವೇಶ ಇಲ್ಲ. ಎಸ್ತೇರಳು ಒಳ್ಳೆ ಬಟ್ಟೆ ಕಳಿಸಿದ್ರೆ ತಗೊಳ್ಳುದಿಲ್ಲ. ಬೀದಿಯಲ್ಲಿ ಎಲ್ಲರಿಗೂ ಕಾಣ್ಬೇಕು ಅಂತಲೇ ಉಟ್ಟದ್ದು ಅದನ್ನು.

ಬಯಲುಸೀಮೆ_ಬಸ್ಯಾ

ಟೀಚರ್, ಯೋಬನ ಗೆಳೆಯರು ಯಾರನ್ನೂ ಕೊಂದಿರಲಿಲ್ಲ. ಇಲ್ಲಿ ಕೊಂದವನೇ ಗೋಣಿ ಉಟ್ಟು ಮೆರವಣಿಗೆಯಲ್ಲಿ ನಡ್ದಿದಾನೆ, ಅವನಿಗೆ ಏನ್ ಶಿಕ್ಷೆ ಆಯ್ತು? ಝೀರೋ. ನಾನಿನ್ನೂ ದುರ್ಬಲ, ಈ ಚೆರೂಯಳ ಮಕ್ಕಳು, ಅಂದ್ರೆ ನನ್ನ ಅಕ್ಕನ ಮಕ್ಕಳು ಯೋವಾಬ ಮತ್ತವರು, ನನ್ನ ಕೈ ಮೀರಿದಾರೆ ಅಂತ ದಾವೀದ ಗೊಣಗಿ ಸುಮ್ನಾಗ್ತಾನೆ. ಯೋವಾಬ ಮುಂದೇನೂ ಸೇನಾಪತಿ. ದಾವೀದ ಸಾಯೋ ಹೊತ್ತಲ್ಲಿ ಮಗ ಸೊಲೊಮೋನನ ಕಿವೀಲಿ, ಅವನ ನರೆತ ತಲೆ ನೆಮ್ಮದಿಯಾಗಿ ಪಾತಾಳಕ್ಕೆ ಇಳೀದಂಗೆ ನೋಡ್ಕೋ ಅಂತ ಹೇಳಿ ಹೋಗ್ತಾನೆ. ಅಷ್ಟು ವರ್ಷ ಸಿಟ್ಟು ಹೊಟ್ಟೇಲಿ ಇಟ್ಕೊಂಡಿದ್ನಲ್ಲ, ಆವತ್ತು ಅತ್ತಿದ್ದು ಅಬ್ನೇರನಿಗಾಗಿ ಅಲ್ಲ, ಅಬ್ನೇರ ತರಬೇಕಿದ್ದ ಇಸ್ರಾಯೇಲಿನ ಹತ್ತು ಕುಲಕ್ಕಾಗಿ.

ಪೇಡಾ_ಪ್ರಿಯ

ಬಸ್ಯಾ ಹೇಳೋದ್ರಾಗ ಪಾಯಿಂಟ್ ಐತಿ. ಆದ್ರ ಒಂದ್ ನೋಡ್ರಿ, ಅದ ದಾವೀದ ಮುಂದ ಇನ್ನ ಎರಡ ಸಲ ಅಳತಾನ, ಎರಡೂ ಸಲ ಲೆಕ್ಕ ಉಲ್ಟಾ. 12ನೇ ಅಧ್ಯಾಯದಾಗ ಬತ್ಷೆಬೆಗೆ ಹುಟ್ಟಿದ ತನ್ನ ಕೂಸಿಗೆ ಆರಾಮ ಇಲ್ಲಂತ ನೆಲದ ಮ್ಯಾಲ ಬಿದ್ದು ಉಪಾಸ ಮಾಡ್ತಾನ, 7ನೇ ದಿನಕ್ಕ ಕೂಸು ಸಾಯ್ತದ. ಸುದ್ದಿ ಹೇಳಾಕ ಆಳಮಕ್ಕಳಿಗೆ ಹೆದರಿಕಿ, ಈಗ ಏನ್ ಮಾಡ್ಕೋತಾನೋ ಅಂತ. ಸತ್ತದ್ದು ಗೊತ್ತಾದ ಕೂಡ್ಲೆ ಎದ್ದು ಮೈ ತೊಳಕೊಂಡು ಎಣ್ಣಿ ಹಚಗೊಂಡು ಬಟ್ಟಿ ಬದಲಿ ಮಾಡಿ ಊಟಕ್ಕ ಕುಂದರತಾನ! ಎಲ್ಲಾರೂ ದಂಗ. ನಾನ ಅವನ ಕಡೆ ಹೋಗ್ತೀನಿ, ಅವ ನನ್ನ ಕಡೆ ಬರೂದಿಲ್ಲ ಅಂತಾನ. ನಾಟಕ ಮಾಡೋ ಮನಶ್ಯಾ ಆಗಿದ್ರ ಅವತ್ತ ಚೊಲೋತಂಗ ಮಾಡ್ತಿದ್ದ.

ಇನ್ನೊಂದು ಅಬ್ಷಾಲೋಮಂದು. ದಂಗೆ ಎದ್ದ ಮಗ ಸತ್ತಾನ, ಗೆದ್ದ ಸೈನ್ಯ ಊರಿಗೆ ಬಂದೈತಿ, ಅಪ್ಪ ಅಗಸಿ ಮ್ಯಾಲಿನ ಖೋಲ್ಯಾಗ ಮುಖ ಮುಚ್ಚಿಗೊಂಡು ಮಗನೇ ಮಗನೇ ಅಂತ ಒದರತಾನ. ಗೆದ್ದ ಸಿಪಾಯಿಗೋಳು ಸೋತು ಓಡಿಬಂದವರಂಗ ಕಳ್ಳ ಹೆಜ್ಜಿ ಇಟ್ಟು ಊರು ಹೊಗತಾರ. ಆವಾಗ ಇದ ಯೋವಾಬ ಬಂದು ಝಾಡಸ್ತಾನ, ಎದ್ದು ಹೊರಗ ಬಂದು ಮಾತಾಡು, ಇಲ್ಲಂದ್ರ ರಾತ್ರಿ ಹೊತ್ತಿಗೆ ಒಬ್ಬನೂ ನಿನ್ನ ಜೋಡಿ ಇರೂದಿಲ್ಲ ಅಂತ. ಅಬ್ನೇರಗ ಅತ್ತು ಜನಾನ ಗಳಿಸಿದ, ಮಗಗ ಅತ್ತು ಜನಾನ ಕಳಕೊಳ್ಳೂ ಹಂತಕ್ಕ ಬಂದ. ಬರದಾಂವಗ ಇದು ಪೂರಾ ಗೊತ್ತಿತ್ರಿ, ರಾಜನ ಕಣ್ಣೀರಿಗೆ ಬ್ಯಾರೆನ ರೇಟು ಅಂತ.

ಸಂಜೆಓದು

ಇದು ಸಖತ್ ಪೇಡಾ ಸರ್. ನಾವಿನ್ನೂ 12ಕ್ಕೆ ಬಂದಿಲ್ಲ, ಸ್ಪಾಯ್ಲರ್ ಕೊಟ್ಬಿಟ್ರಿ 😀

ಪೇಡಾ_ಪ್ರಿಯ

ಎರಡೂವರೆ ಸಾವಿರ ವರ್ಷದ ಪುಸ್ತಕಕ್ಕ ಸ್ಪಾಯ್ಲರ್ ಅಂತರೀ!

ನಂಜಪ್ಪನ_ಮೊಮ್ಮಗ

ನಂದೊಂದು ಡೌಟು. ಸತ್ತವರಿಗಾಗಿ ಮೈ ಕೊಯ್ಕೋಬೇಡಿ, ತಲೆ ಬೋಳಿಸ್ಕೋಬೇಡಿ ಅಂತ ಮೋಶೆಯ ಕಾನೂನಲ್ಲೇ ಇದೆ, ಯಾಜಕಕಾಂಡ 19ರಲ್ಲೂ ಇದೆ ಧರ್ಮೋಪದೇಶಕಾಂಡ 14ರಲ್ಲೂ ಇದೆ. ಆದ್ರೆ ಯೆರೆಮೀಯ 41ರಲ್ಲಿ ಶೆಕೆಮ್, ಶೀಲೋ, ಸಮಾರ್ಯದಿಂದ 80 ಜನ ಗಡ್ಡ ಬೋಳಿಸ್ಕೊಂಡು ಬಟ್ಟೆ ಹರ್ಕೊಂಡು ಮೈ ಗಾಯ ಮಾಡ್ಕೊಂಡು ದೇವರ ಮನೆಗೆ ಕಾಣಿಕೆ ತಗೊಂಡು ಹೋಗ್ತಿದಾರೆ, ಯಾರೂ ಅವರನ್ನ ಬೈಯೋದಿಲ್ಲ. ಕಾನೂನು ಬರೀ ಪುಸ್ತಕದಲ್ಲಾ?

ಕಡಲಕರೆ_ಟೀಚರ್

ಅವರು ಯಾರೋ ಸತ್ತದ್ದಕ್ಕೆ ಅಲ್ಲ ಹಾಗೆ ಬಂದದ್ದು. ಯೆರೂಸಲೇಮಿನ ದೇವಾಲಯ ಸುಟ್ಟು ಹೋದ ಮೇಲಿನ ಕಥೆ ಅದು. ನಿಷೇಧ ಇರುದು ಸತ್ತವರಿಗೋಸ್ಕರ ಮಾಡುದಕ್ಕೆ.

ನಂಜಪ್ಪನ_ಮೊಮ್ಮಗ

ಸರಿ ಟೀಚರ್, ಹಂಗಾದ್ರೆ ಅದೇ ಯೆರೆಮೀಯನ 16ನೇ ಅಧ್ಯಾಯ ತೆಗೀರಿ. ಈ ದೇಶದಲ್ಲಿ ದೊಡ್ಡೋರು ಚಿಕ್ಕೋರು ಎಲ್ಲ ಸಾಯ್ತಾರೆ, ಯಾರೂ ಹೂಳಲ್ಲ, ಯಾರೂ ಅವರಿಗೋಸ್ಕರ ಅಳಲ್ಲ, ಮೈ ಕೊಯ್ಕೊಳ್ಳಲ್ಲ, ತಲೆ ಬೋಳಿಸಲ್ಲ ಅಂತ ಶಾಪದ ಥರ ಹೇಳ್ತಾನೆ. ಅಂದ್ರೆ ಮಾಮೂಲಿ ದಿನಗಳಲ್ಲಿ ಸತ್ತವರಿಗೋಸ್ಕರಾನೇ ಅದನ್ನೆಲ್ಲ ಮಾಡ್ತಿದ್ರು, ಮಾಡದೇ ಇದ್ರೆ ಅದೇ ದುರ್ಗತಿ ಅಂತ ತಾನೇ ಅರ್ಥ? ಆಮೋಸ 8ರಲ್ಲಿ ದೇವರೇ, ನಾನು ಎಲ್ಲರ ಸೊಂಟಕ್ಕೆ ಗೋಣಿ ಸುತ್ತಿಸ್ತೀನಿ ಎಲ್ಲರ ತಲೆ ಬೋಳಿಸ್ತೀನಿ ಅಂತಾನೆ. ಯೆಶಾಯ 22ರಲ್ಲೂ ಆವತ್ತು ಬೋಳುತಲೆಗೆ ಕರೆ ಕೊಟ್ಟಿದ್ದು ಸೇನಾಧೀಶ್ವರ ಯೆಹೋವನೇ. ಊರಲ್ಲಿ ನಡೀತಿದ್ದಿದ್ದೇ ಬೇರೆ, ಯಾಜಕರು ಬರೆದಿಟ್ಟಿದ್ದೇ ಬೇರೆ.

ಶಿಲಾಲೇಖ

ಈ ನಿಷೇಧ ಬರಹಕ್ಕೆ ಬಂದಿದ್ದು ಸಾಕಷ್ಟು ತಡವಾಗಿ ಅಂತ ಬಹಳ ವಿದ್ವಾಂಸರು ಹೇಳ್ತಾರೆ, ಯೆಹೂದದ ರಾಜ ಯೋಷೀಯ ಮಾಡಿದ ಧರ್ಮ ಸುಧಾರಣೆಯ ಕಾಲ ಅಥವಾ ಆಮೇಲೆ. ಅದಕ್ಕಿಂತ ಮುಂಚೆ ಕಾನಾನ್ಯರು, ಮೋವಾಬ್ಯರು, ಇಸ್ರಾಯೇಲ್ಯರು ಎಲ್ಲರ ಗೋಳಾಟವೂ ಹೆಚ್ಚುಕಡಿಮೆ ಒಂದೇ ಥರ ಇತ್ತು. ಮೋವಾಬಿನ ಬಗ್ಗೆ ಯೆರೆಮೀಯ 48ರಲ್ಲಿ ಇರೋ ವರ್ಣನೆ ನೋಡಿ, ಪ್ರತಿ ತಲೆ ಬೋಳು, ಪ್ರತಿ ಗಡ್ಡ ಕತ್ತರಿ, ಕೈ ಮೇಲೆಲ್ಲ ಗಾಯ, ಸೊಂಟಕ್ಕೆ ಗೋಣಿ. ಇದರಲ್ಲಿ ಯೆಹೂದ್ಯರು ಮಾಡದೇ ಇದ್ದಿದ್ದು ಯಾವ್ದು? ಕಾನೂನು ಬಂದಿದ್ದೇ ಜನ ಮಾಡ್ತಿದ್ರು ಅಂತ, ಮಾಡದೇ ಇರೋದನ್ನ ಯಾರು ನಿಷೇಧ ಮಾಡ್ತಾರೆ.

ಮಳೆಬಿಲ್ಲು

ಎಲ್ರೂ ದಾವೀದ ದಾವೀದ ಅಂತಿದೀರ, ರಿಚ್ಪಾ ಬಗ್ಗೆ ಒಬ್ರಾದ್ರೂ ಮಾತಾಡ್ರಪ್ಪ. ಅದೇ 3ನೇ ಅಧ್ಯಾಯದ ಶುರುವಲ್ಲಿ ಬರ್ತಾಳೆ, ಸೌಲನ ಉಪಪತ್ನಿ. ಅವಳ ಜೊತೆ ಮಲಗಿದೆ ಅಂತ ಸೌಲನ ಮಗ ಆರೋಪ ಹೊರಿಸಿದ್ದಕ್ಕೇ ಅಬ್ನೇರ ರೇಗಿ ಪಕ್ಷ ಬದಲಾಯಿಸಿದ್ದು. ಅವಳದ್ದೊಂದು ಮಾತೂ ಇಲ್ಲ ಅಲ್ಲಿ.

ಆಮೇಲೆ 21ನೇ ಅಧ್ಯಾಯ. 3 ವರ್ಷ ಬರಗಾಲ, ಕಾರಣ ಏನಂದ್ರೆ ಸೌಲ ಗಿಬ್ಯೋನ್ಯರನ್ನ ಕೊಂದಿದ್ದು ಅಂತ. ಅವರು ಸೌಲನ ವಂಶದ 7 ಗಂಡಸರನ್ನ ಕೇಳ್ತಾರೆ, ದಾವೀದ ಕೊಟ್ಟೇಬಿಡ್ತಾನೆ, ಅದರಲ್ಲಿ ಇಬ್ಬರು ರಿಚ್ಪಾಳ ಮಕ್ಕಳು. ಜವೆಗೋದಿ ಕೊಯ್ಲು ಶುರುವಾಗೋ ಹೊತ್ತಲ್ಲಿ ಬೆಟ್ಟದ ಮೇಲೆ ನೇತುಹಾಕ್ತಾರೆ, ಹೆಣ ಇಳಿಸಲ್ಲ. ಇವಳು ಗೋಣಿತಟ್ಟು ತಗೊಂಡು ಹೋಗಿ ಬಂಡೆ ಮೇಲೆ ಹಾಸ್ಕೊಂಡು ಕೂರ್ತಾಳೆ. ಗೋಣಿ ಉಡೋಕೆ ಅಲ್ಲ, ಹಾಸೋಕೆ! ಹಗಲು ಹದ್ದು ಕಾಗೆ ಓಡಿಸೋದು, ರಾತ್ರಿ ಕಾಡುಮೃಗ ಓಡಿಸೋದು, ಆಕಾಶದಿಂದ ಮಳೆ ಬೀಳೋ ತನಕ. ಆ ದೇಶದಲ್ಲಿ ಕೊಯ್ಲು ಏಪ್ರಿಲ್ ಹೊತ್ತಿಗೆ, ಮಳೆ ಶುರು ಅಕ್ಟೋಬರ್ ಕಡೆಗೆ, ಅಂದ್ರೆ ಮಾಮೂಲಿ ಮಳೆ ಅಂತ ಇಟ್ಕೊಂಡ್ರೆ ಹತ್ತಿರ ಹತ್ತಿರ ಅರ್ಧ ವರ್ಷ. ಗೋಳಾಟ ಇಲ್ಲ, ಹಾಡಿಲ್ಲ, ಬಟ್ಟೆ ಹರಿದಿಲ್ಲ. ಸುಮ್ನೆ ಕಾದಿದಾಳೆ. ಅದು ಕಿವಿಗೆ ಬಿದ್ಮೇಲೆ ರಾಜನಿಗೆ ನಾಚಿಕೆ ಆಗಿರ್ಬೇಕು, ಯಾಬೇಷ್ ಗಿಲ್ಯಾದಿಂದ ಸೌಲ ಮತ್ತವನ ಮಗ ಯೋನಾತಾನರ ಮೂಳೆ ತರಿಸಿ, ಈ 7 ಜನರ ಮೂಳೇನೂ ಕೂಡಿಸಿ, ಸೌಲನ ಅಪ್ಪ ಕೀಷನ ಸಮಾಧೀಲಿ ಇಡಿಸ್ತಾನೆ. ಆಮೇಲೆ ತಾನೇ ದೇವರು ದೇಶದ ಮೊರೆ ಕೇಳಿದ್ದು, ನೇಣು ಹಾಕಿದಾಗ ಅಲ್ಲ.

ಪೇಡಾ_ಪ್ರಿಯ

ಇದಕ್ಕ ಇನ್ನೊಂದು ಸೇರಸ್ರಿ ಅಕ್ಕಾರ. ನೇತುಹಾಕಿದ ಹೆಣಾ ರಾತ್ರಿ ತನಕ ಬಿಡಬ್ಯಾಡ್ರಿ, ಅವತ್ತ ಹೂಳ್ರಿ ಅಂತ ಧರ್ಮೋಪದೇಶಕಾಂಡ 21ರಾಗ ಐತಿ. ಯೆಹೋಶುವ ವೈರಿ ರಾಜರನ್ನ ಕೊಂದು ಗಿಡಕ್ಕ ಹಾಕಿದಾಗೂ ಹೊತ್ತು ಮುಣಗೂದ್ರಾಗ ಇಳಿಸಿದ, ಆಯಿ ಊರಿನ ರಾಜಂದೂ ಹಂಗ, ಮುಂದ ಸೋತ ಐದು ಮಂದಿ ರಾಜರ್ದೂ ಹಂಗ. ವೈರಿಗೆ ಸಿಕ್ಕ ಮರ್ಯಾದಿ ಸೌಲನ ಮನಿ ಹುಡುಗರಿಗೆ ಸಿಗಲಿಲ್ಲ.

ಬಯಲುಸೀಮೆ_ಬಸ್ಯಾ

ರಿಚ್ಪಾ ಮುಂದೆ ದಾವೀದನ ಹೆಬ್ರೋನ್ ಮೆರವಣಿಗೆ ಇಟ್ಟು ನೋಡಿ, ನಾನ್ ಹೇಳಿದ್ದು ಸರಿನೋ ಇಲ್ವೋ ಅಂತ.

ಕಡಲಕರೆ_ಟೀಚರ್

ಬಸ್ಯಾ, ಒಂದು ಕೇಳ್ತೇನೆ. ರಿಚ್ಪಾ ಬೆಟ್ಟದ ಮೇಲೆ ಎಲ್ಲರಿಗೂ ಕಾಣುವ ಹಾಗೆ ಕೂರದೆ ಮನೆಯೊಳಗೆ ಅತ್ತಿದ್ರೆ ಆ ಮೂಳೆಗಳಿಗೆ ಸಮಾಧಿ ಸಿಗ್ತಿತ್ತಾ? ಅವಳದ್ದೂ ಬಹಿರಂಗವೇ, ಅವಳದ್ದೂ ರಾಜಕೀಯವೇ. ಬಹಿರಂಗ ಅಂದ ಕೂಡಲೇ ಸುಳ್ಳು ಅಂತ ನೀವು ಯಾಕೆ ಹಿಡ್ಕೊಂಡಿದ್ದೀರಿ ಅಂತ ನಂಗೆ ಅರ್ಥ ಆಗುದಿಲ್ಲ.

ನಂಜಪ್ಪನ_ಮೊಮ್ಮಗ

ಆದ್ರೆ ಆ ಅನುಮಾನ ಪ್ರವಾದಿಗಳಿಗೇ ಇತ್ತಲ್ಲ ಟೀಚರ್. ಬಟ್ಟೆ ಅಲ್ಲ, ಹೃದಯ ಹರ್ಕೊಳ್ಳಿ ಅಂತ ಯೋವೇಲ ಹೇಳಿದಾನೆ.

ಕಡಲಕರೆ_ಟೀಚರ್

ಎರಡು ವಾಕ್ಯ ಮುಂದೆ ಓದಿ, ಅದೇ ಯೋವೇಲ ಚೀಯೋನಿನಲ್ಲಿ, ಅಂದ್ರೆ ಯೆರೂಸಲೇಮಿನಲ್ಲಿ ಕೊಂಬು ಊದಿ, ಮುದುಕರು, ಮೊಲೆಕೂಸುಗಳು, ಹೊಸ ಮದುಮಗ ಮದುಮಗಳು ಎಲ್ಲರನ್ನೂ ಒಟ್ಟು ಸೇರಿಸಿ ಉಪವಾಸ ಮಾಡಿಸ್ತಾನೆ. ಹೃದಯ ಹರಿದ್ರೂ ಊರಿನ ಮಧ್ಯವೇ ಹರೀಬೇಕು.

ದೂರದೂರಿನ_ಅಕ್ಕ

ನಾನು ಮಂಗಳೂರು ಕಡೆಯವಳು, ಇಸ್ರೇಲಲ್ಲಿ ಅಜ್ಜ ಅಜ್ಜಿಯರನ್ನು ನೋಡ್ಕೊಳ್ಳುವ ಕೆಲಸ. ನಾನು ನೋಡ್ಕೊಳ್ತಿದ್ದ ಅಜ್ಜಿ ತೀರಿಕೊಂಡಾಗ ಕಂಡದ್ದು ಹೇಳ್ತೇನೆ, ನಿಮ್ಮ ಚರ್ಚೆಗೆ ಉಪಯೋಗ ಉಂಟೋ ಇಲ್ವೋ. ಬೇಗ ಹೂಳ್ತಾರೆ, ಕಾಯ್ಲಿಕ್ಕೇ ಇಲ್ಲ. ಪೆಟ್ಟಿಗೆ ಇಲ್ಲ, ಬಿಳಿ ಬಟ್ಟೆ ಸುತ್ತಿ ಸ್ಟ್ರೆಚರಿನಂಥದ್ದರಲ್ಲಿ ತಂದು ಸೀದಾ ಮಣ್ಣಿಗೆ. ಮಗನ ಶರ್ಟಿನ ಕಾಲರ್ ಹತ್ರ ಬ್ಲೇಡಿನಲ್ಲಿ ಸಣ್ಣ ಗೀರು ಹಾಕಿದ್ರು, ಮತ್ತೆ ಅವನೇ ಕೈಯಿಂದ ಎಳೆದು ಹರಿದ, ಎಡಬದಿಯಲ್ಲಿ, ಎದೆಯ ಮೇಲೆ. ಅಪ್ಪ ಅಮ್ಮ ಸತ್ರೆ ಎಡಕ್ಕೆ, ಬೇರೆಯವರಾದ್ರೆ ಬಲಕ್ಕೆ ಅಂತೆ. ಆ ಹರಿದ ಶರ್ಟನ್ನೇ ಆ ವಾರ ಪೂರ್ತಿ ಹಾಕಿದ್ದ, ಗಡ್ಡ ತೆಗೆದಿಲ್ಲ.

ಮನೆಯಲ್ಲಿ 7 ದಿನ ಗಿಡ್ಡ ಕುರ್ಚಿಯಲ್ಲಿ ಕೂತ್ಕೊಳ್ತಾರೆ, ಬಾಗಿಲು ತೆರೆದೇ ಇರ್ತದೆ, ಬಂದವರು ಬೆಲ್ ಹೊಡೆಯುದಿಲ್ಲ. ಮಣ್ಣು ಮಾಡಿ ಬಂದ ಕೂಡಲೇ ನೆರೆಯವರು ಬೇಯಿಸಿದ ಮೊಟ್ಟೆ, ಬ್ರೆಡ್ ತಂದು ಕೊಟ್ರು, ಮನೆಯವರು ತಮ್ಮ ಅಡುಗೆ ತಿನ್ನುವ ಹಾಗಿಲ್ಲ. ಬೀದಿ ಗೋಡೆಗೆ ಸಾವಿನ ನೋಟಿಸ್ ಅಂಟಿಸಿದ್ರು, ಹೆಸರು, ಎಲ್ಲಿ, ಎಷ್ಟು ಗಂಟೆಗೆ. ಗೋಣಿ ಬೂದಿ ಎಲ್ಲ ನಾನು ನೋಡ್ಲಿಲ್ಲ.

ದಾವೀದನಿಗೆ ಜನ ಊಟ ಮಾಡಿಸ್ಲಿಕ್ಕೆ ಬಂದದ್ದು ಓದಿದಾಗ ನಂಗೆ ಆ ಮೊಟ್ಟೆಯ ತಟ್ಟೆ ನೆನಪಾಯ್ತು.

ಶಿಲಾಲೇಖ

ಅಕ್ಕ, ಉಪಯೋಗ ಅಂದ್ರೆ ಬಹಳ ಉಪಯೋಗ. ಆದ್ರೆ ಇದರಲ್ಲಿ ಯಾವ್ದು ಹಳೆ ಪುಸ್ತಕದ್ದು ಯಾವ್ದು ಆಮೇಲೆ ರಬ್ಬಿಗಳು (ಯೆಹೂದಿ ಧರ್ಮಗುರುಗಳು) ಕಟ್ಟಿದ್ದು ಅಂತ ಬೇರೆ ಮಾಡ್ಕೋಬೇಕು. ಬಟ್ಟೆ ಹರಿಯೋದು, 7 ದಿನ, 30 ದಿನ, ಬೇರೆಯವರ ಮನೆ ಊಟ, ಇವಕ್ಕೆ ಬೇರು ಬೈಬಲ್ಲಲ್ಲೇ ಇದೆ. ಯಾಕೋಬನಿಗೆ ಆಟಾದನ ಕಣದಲ್ಲಿ 7 ದಿನ, ಸೌಲನಿಗೆ ಯಾಬೇಷಿನವರ 7 ದಿನ ಉಪವಾಸ, ಆರೋನನಿಗೂ ಮೋಶೆಗೂ 30 ದಿನ. ಎಡ ಬಲದ ನಿಯಮ, ಗಿಡ್ಡ ಕುರ್ಚಿ, ಇವು ನಂತರದ್ದು. ಅಳೋದಕ್ಕೂ ಕನಿಷ್ಠ ರೇಟು ಫಿಕ್ಸ್ ಮಾಡಿದ್ರು ಆ ಕಾಲದಲ್ಲಿ! ಇಸ್ರಾಯೇಲಿನ ಕಡುಬಡವನೂ ಹೆಂಡತಿಯ ಶವಸಂಸ್ಕಾರಕ್ಕೆ ಎರಡು ಕೊಳಲು, ಒಬ್ಬ ಗೋಳಾಡೋ ಹೆಂಗಸು, ಇಷ್ಟಕ್ಕಿಂತ ಕಡಿಮೆ ಮಾಡಬಾರದು ಅಂತ ರಬ್ಬಿ ಯೆಹೂದ ಹೇಳಿದ್ದು ಮಿಷ್ನಾ ಅನ್ನೋ ರಬ್ಬಿಗಳ ಕಾನೂನು ಸಂಗ್ರಹದಲ್ಲಿದೆ.

ಊಟದ ಬಗ್ಗೆ ಎಲ್ಲಕ್ಕಿಂತ ಒಳ್ಳೆ ಸಾಕ್ಷಿ ಯೆಹೆಜ್ಕೇಲ 24. ಅವನ ಹೆಂಡತಿ ಸಂಜೆ ಸಾಯ್ತಾಳೆ. ದೇವರ ಆಜ್ಞೆ ಏನು, ಅಳಬೇಡ, ಮುಂಡಾಸು ಕಟ್ಕೋ, ಕೆರ ಮೆಟ್ಕೋ, ಬಾಯಿ ಮುಚ್ಕೋಬೇಡ, ಜನ ತಂದುಕೊಡೋ ರೊಟ್ಟಿ ತಿನ್ನಬೇಡ. ಬೇಡ ಅಂದಿದ್ದನ್ನೆಲ್ಲ ತಿರುಗಿಸಿ ಓದಿದ್ರೆ ಸಾವಿನ ಮನೆ ಗಂಡಸಿನ ಚಿತ್ರ ಪೂರ್ತಿ ಸಿಗುತ್ತೆ, ಬರಿತಲೆ, ಬರಿಗಾಲು, ಮೀಸೆ ತನಕ ಮುಚ್ಚಿದ ಮುಖ, ಕೈಯಲ್ಲಿ ನೆರೆಮನೆ ರೊಟ್ಟಿ. ಮಾರನೇ ದಿನ ಇವನು ಮಾಮೂಲಿ ಥರ ಹೊರಗೆ ಬಂದಿದ್ದು ನೋಡಿ ಜನ ಗಾಬರಿಯಾಗಿ, ಇದರ ಅರ್ಥ ಏನು ಹೇಳಲ್ವಾ ಅಂತ ಕೇಳ್ತಾರೆ.

ಮಳೆಬಿಲ್ಲು

ಯಪ್ಪಾ, ಹೆಂಡತಿ ಸತ್ರೆ ಅಳೋಕೂ ಬಿಡಲಿಲ್ವಾ. ಬಡಪಾಯಿ.

ಗೋಳಾಡೋ ಹೆಂಗಸು ಅಂದ್ರಲ್ಲ ಶಿಲಾಲೇಖ, ಅವರು ಬೈಬಲ್ಲಲ್ಲೇ ಇದಾರೆ. ಯೆರೆಮೀಯ 9, ಗೋಳಾಡೋ ಹೆಂಗಸರನ್ನ ಕರೆಸಿ, ಜಾಣೆಯರನ್ನ ಕರೆಸಿ, ಅವರು ಬೇಗ ಬಂದು ನಮ್ಮ ಕಣ್ಣಲ್ಲಿ ನೀರು ಬರಿಸ್ಲಿ ಅಂತ. ಆಮೇಲೆ ಆ ಹೆಂಗಸರಿಗೇ ಹೇಳ್ತಾನೆ, ನಿಮ್ಮ ಹೆಣ್ಮಕ್ಕಳಿಗೆ ಈ ಹಾಡು ಕಲಿಸಿ, ಒಬ್ಬಳು ಇನ್ನೊಬ್ಬಳಿಗೆ ಕಲಿಸ್ಲಿ, ಸಾವು ನಮ್ಮ ಕಿಟಕಿ ಹತ್ತಿ ಒಳಗೆ ಬಂದಿದೆ ಅಂತ. ಅಮ್ಮನಿಂದ ಮಗಳಿಗೆ ಬರೋ ಕಸುಬು ಅದು, ಕಲಿತು ಮಾಡೋ ಕೆಲಸ. ದುಡ್ಡು ತಗೊಂಡು ಅಳ್ತಾರೆ ಅಂತ ಯಾರಾದ್ರೂ ಮೂಗು ಮುರಿದ್ರೆ ನನಗೆ ಸಿಟ್ಟು ಬರುತ್ತೆ, ಮನೆಯವರ ಗಂಟಲು ಕಟ್ಟಿ ಕೂತಾಗ ಅಳು ಹೊರಗೆ ತರೋದು ಸಣ್ಣ ಕೆಲಸ ಅಲ್ಲ. ಪ್ರಲಾಪಗಳು ಪುಸ್ತಕದ ಹಿಂದೆ ಇಂಥ ಹೆಂಗಸರ ದನಿ ಇದೆ ಅಂತ ನನಗನ್ಸುತ್ತೆ. ಯೆರೂಸಲೇಮೇ ಅಲ್ಲಿ ವಿಧವೆ ಆಗಿ ಕೂತಿದೆಯಲ್ಲ.

ಶಿಲಾಲೇಖ

ಪ್ರಲಾಪಗಳ ರಚನೆ ಮಾತ್ರ ಭಾರಿ ಬಿಗಿ. 1, 2, 4ನೇ ಅಧ್ಯಾಯಗಳಲ್ಲಿ ಹೀಬ್ರೂವಿನ 22 ಅಕ್ಷರಕ್ಕೆ ಒಂದೊಂದರಂತೆ 22 ಪದ್ಯ, 3ನೇದರಲ್ಲಿ ಅಕ್ಷರಕ್ಕೆ ಮೂರರಂತೆ 66. ಸಾಲಿನ ಮೊದಲರ್ಧ ಉದ್ದ, ಎರಡನೇದು ಗಿಡ್ಡ, ಉಸಿರು ಕಟ್ಟಿದ ಹಾಗೆ. ಈ ಮಟ್ಟನ್ನ ಮೊದಲು ವಿವರವಾಗಿ ತೋರಿಸಿದ್ದು ಜರ್ಮನಿಯ ಕಾರ್ಲ್ ಬುಡ್ಡೆ, 1882ರಲ್ಲಿ.

ಬಯಲುಸೀಮೆ_ಬಸ್ಯಾ

ಅಕ್ಷರ ಲೆಕ್ಕ ಹಾಕ್ಕೊಂಡು ಅಳೋದು ಬೇರೆ 😂

ಹೊಸಬ_22

ಒಂದು ಪ್ರಶ್ನೆ. ಬೈಬಲ್ ಕಾಲದಲ್ಲಿ ಸುಡ್ತಿದ್ರಾ? ಸೌಲನನ್ನ ಸುಟ್ರು ಅಂತ ಎಲ್ಲೋ ಓದಿದ್ದೆ.

ಪೇಡಾ_ಪ್ರಿಯ

ಸುಟ್ಟಾರ, ಆದ್ರ ಅದೊಂದ ಬಿಟ್ರ ಹಂತಾದ್ದು ಸಿಗೂದು ಕಡಿಮಿ. ವೈರಿ ಫಿಲಿಷ್ಟಿಯರು ಸೌಲನ ತಲಿ ಕಡದು ಮುಂಡಾ ಬೇತ್‌ಷೆಯಾನಿನ ಗ್ವಾಡಿಗೆ ಹೊಡದಿದ್ರು. ಯಾಬೇಷ್ ಗಿಲ್ಯಾದಿನ ಗಂಡಸರು ರಾತ್ರೋರಾತ್ರಿ ನಡದು ಬಂದು ಇಳಿಸಿಕೊಂಡು ಹೋಗಿ ಸುಟ್ಟು, ಎಲುಬು ಪಿಚುಲ ಗಿಡದ ಬುಡಕ ಹೂಳಿದ್ರು. ಹಿಂದೊಮ್ಮೆ ಸೌಲ ಅವರ ಊರು ಉಳಿಸಿದ್ದ, ಅದರ ಋಣ. ಇದ ಕತಿ ಪೂರ್ವಕಾಲವೃತ್ತಾಂತದಾಗ ಬರುವಾಗ ಸುಟ್ಟ ಮಾತ ಹಾರಿಸಿಬಿಟ್ಟಾರ, ಬರೇ ಹೂಳಿದ್ರು ಅಂತ ಐತಿ. ಸುಡೂದು ಅಂದ್ರ ಅವರಿಗೆ ಶಿಕ್ಷಾದ ಲೆಕ್ಕ. ಮೋವಾಬಿನಾಂವ ಎದೋಮಿನ ರಾಜನ ಎಲುಬು ಸುಟ್ಟು ಸುಣ್ಣ ಮಾಡಿದ ಅಂತ ಆಮೋಸ ಸಿಟ್ಟಾಗ್ತಾನ.

ನಂಜಪ್ಪನ_ಮೊಮ್ಮಗ

ಆದ್ರೆ ಆಸ ರಾಜನಿಗೆ ಭಾರಿ ಬೆಂಕಿ ಹಾಕಿದ್ರು ಅಂತ 2 ಪೂರ್ವಕಾಲವೃತ್ತಾಂತ 16ರಲ್ಲಿದೆ.

ಶಿಲಾಲೇಖ

ಅದು ಹೆಣ ಸುಟ್ಟಿದ್ದಲ್ಲ, ಸುಗಂಧದ್ರವ್ಯ ಸುಟ್ಟಿದ್ದು. ಆಸನ ಹೆಣವನ್ನ ಅವನು ತನಗೆ ಅಂತಲೇ ಕೊರೆಸಿಕೊಂಡ ಸಮಾಧೀಲಿ ಸುಗಂಧ ತುಂಬಿದ ಹಾಸಿಗೆ ಮೇಲೆ ಇಟ್ರು, ಬೆಂಕಿ ಪಕ್ಕದ್ದು, ಗೌರವಕ್ಕೆ. ರಾಜ ಯೆಹೋರಾಮ ಸತ್ತಾಗ ಜನ ಆ ಬೆಂಕಿ ಹಾಕಲಿಲ್ಲ, ಅಂದ್ರೆ ಅವನು ಸತ್ತಿದ್ದಕ್ಕೆ ಯಾರಿಗೂ ಬೇಜಾರಿಲ್ಲ. ಇನ್ನೂ ಕೆಳಗಿನ ಮಟ್ಟ ರಾಜ ಯೆಹೋಯಾಕೀಮನಿಗೆ ಯೆರೆಮೀಯ ಹಾಕಿದ ಶಾಪ, ಕತ್ತೆಗೆ ಮಾಡೋ ಸಂಸ್ಕಾರ, ಎಳೆದು ಊರಬಾಗಿಲ ಆಚೆ ಬಿಸಾಕ್ತಾರೆ ಅಂತ.

ಹೂಳೋದು ಅಂದ್ರೂ ನಾವು ಅಂದ್ಕೊಂಡ ಹಾಗೆ ಗುಂಡಿ ತೋಡಿ ಮಣ್ಣು ಮುಚ್ಚೋದು ಮಾತ್ರ ಅಲ್ಲ. ಯೆಹೂದದ ಉಳ್ಳವರ ಸಮಾಧಿ ಅಂದ್ರೆ ಬಂಡೆ ಕೊರೆದ ಕೋಣೆ. ಬಗ್ಗಿ ಒಳಗೆ ಹೋದ್ರೆ ಮೂರು ಗೋಡೆಗೂ ಸೊಂಟದೆತ್ತರದ ಕಲ್ಲುಕಟ್ಟೆ, ಕೆಲವು ಕಡೆ ಕಟ್ಟೆಯಲ್ಲೇ ತಲೆ ಇಡೋಕೆ ಕೆತ್ತಿದ ದಿಂಬು. ಹೆಣ ಅದರ ಮೇಲೆ, ಪಕ್ಕದಲ್ಲಿ ದೀಪ, ಹೂಜಿ, ಒಡವೆ. ಮಾಂಸ ಕರಗಿದ ಮೇಲೆ ಮೂಳೆ ಗುಡಿಸಿ ಕಟ್ಟೆ ಕೆಳಗಿನ ಗುಂಡಿಗೆ, ಅಲ್ಲಿ ಅಜ್ಜ ಮುತ್ತಜ್ಜ ಎಲ್ಲರದ್ದೂ ಕಲೆತು ಬಿದ್ದಿರುತ್ತೆ, ಕಟ್ಟೆ ಮುಂದಿನವರಿಗೆ ಖಾಲಿ. ಪಿತೃಗಳ ಬಳಿಗೆ ಸೇರಿದನು ಅಂತ ಓದ್ತೀವಲ್ಲ, ಅಕ್ಷರಶಃ ಅದೇ. 1979ರಲ್ಲಿ ಪುರಾತತ್ವಜ್ಞ ಗೇಬ್ರಿಯಲ್ ಬರ್ಕಾಯ್ ಯೆರೂಸಲೇಮಿನ ಕೆತೆಫ್ ಹಿನ್ನೋಮಲ್ಲಿ ಅಗೆದಾಗ ಇಂಥದೇ ಒಂದು ಮೂಳೆಗುಂಡಿ ಕಳ್ಳರ ಕೈಗೆ ಸಿಗದೆ ಉಳಿದಿತ್ತು. ಅದರೊಳಗೆ ಬೆಳ್ಳಿ ತಗಡಿನ ಎರಡು ಪುಟಾಣಿ ಸುರುಳಿ, ಬಿಡಿಸೋಕೇ ವರ್ಷಗಟ್ಟಲೆ ಹಿಡೀತು, ಬಿಡಿಸಿದ್ರೆ ಅರಣ್ಯಕಾಂಡ 6ರ ಯಾಜಕರ ಆಶೀರ್ವಾದ. ಸತ್ತವರ ಜೊತೆ ಇಟ್ಟಿದ್ದ ತಾಯಿತ.

ಹೊಸಬ_22

ವಾವ್. ಬಡವರಿಗೂ ಇದೇನಾ?

ಶಿಲಾಲೇಖ

ಎಲ್ಲಿಂದ ಬರ್ಬೇಕು. ಬಡವರಿಗೆ ಮಣ್ಣಿನ ಗುಂಡಿ, ಗುರುತೂ ಉಳಿದಿಲ್ಲ. ಕಿದ್ರೋನ್ ಕಣಿವೇಲಿ ಸಾಮಾನ್ಯ ಜನರ ಸ್ಮಶಾನ ಇತ್ತು ಅಂತ 2 ಅರಸುಗಳು 23ರಲ್ಲಿ ಬರುತ್ತೆ. ಊರೀಯ ಅನ್ನೋ ಪ್ರವಾದಿಯನ್ನ ರಾಜ ಕೊಂದು ಅಲ್ಲಿಗೆ ಬಿಸಾಡಿಸಿದ್ದೇ ಅವಮಾನ ಮಾಡೋಕೆ. ಇನ್ನೊಂದು ಕಡೆ ಶೆಬ್ನ ಅನ್ನೋ ಅರಮನೆ ಅಧಿಕಾರಿ ಎತ್ತರದಲ್ಲಿ ಸಮಾಧಿ ಕೊರೆಸ್ತಿದಾನೆ, ಇಲ್ಲಿ ನಿಂದೇನಯ್ಯ ಕೆಲಸ ಅಂತ ಯೆಶಾಯ ಜಾಡಿಸ್ತಾನೆ. ಯೆರೂಸಲೇಮಿನ ಪಕ್ಕದ ಸಿಲ್ವಾನ್ ಊರಲ್ಲಿ 1870ರಲ್ಲಿ ಪುರಾತತ್ವಜ್ಞ ಕ್ಲರ್ಮಾಂ ಗನ್ನೋಗೆ ಒಂದು ಸಮಾಧಿ ಶಾಸನ ಸಿಕ್ತು, 1953ರಲ್ಲಿ ಇನ್ನೊಬ್ಬ ಪುರಾತತ್ವಜ್ಞ ಅವಿಗಾದ್ ಓದಿ ಪ್ರಕಟಿಸಿದ್ರು. ಅರಮನೆಯ ಮೇಲ್ವಿಚಾರಕನೊಬ್ಬನ ಸಮಾಧಿ, ಹೆಸರಿನ ಕೊನೆ ಮಾತ್ರ ಉಳಿದಿದೆ. ಇಲ್ಲಿ ಬೆಳ್ಳಿ ಬಂಗಾರ ಇಲ್ಲ, ಅವನ ಮೂಳೆ, ಅವನ ದಾಸಿಯ ಮೂಳೆ ಅಷ್ಟೇ, ತೆರೆದವನಿಗೆ ಶಾಪ ಅಂತ ಕೆತ್ತಿದೆ. ಅವನೇ ಶೆಬ್ನ ಇರಬಹುದು ಅಂತ ಊಹೆ. ಕಲ್ಲು ಈಗ ಬ್ರಿಟಿಷ್ ಮ್ಯೂಸಿಯಮ್ಮಲ್ಲಿದೆ.

ದೂರದೂರಿನ_ಅಕ್ಕ

ಸತ್ತವರಿಗೆ ಎಡೆ ಇಡುದು ಇತ್ತಾ ಆಗ? ಇಲ್ಲಿ ಗೋರಿಯ ಮೇಲೆ ಸಣ್ಣ ಕಲ್ಲು ಇಡ್ತಾರೆ, ತಿನ್ನುದು ಏನೂ ಇಡುದಿಲ್ಲ.

ನಂಜಪ್ಪನ_ಮೊಮ್ಮಗ

ಇದ್ದಿರಲೇಬೇಕು ಅಕ್ಕ. ದಶಮಾಂಶ, ಅಂದ್ರೆ ಬೆಳೆಯ ಹತ್ತನೇ ಒಂದು ಪಾಲು ಕೊಡುವಾಗ, ಇದರಲ್ಲಿ ನಾನು ದುಃಖದಲ್ಲಿದ್ದಾಗ ತಿಂದಿಲ್ಲ, ಸತ್ತವರಿಗೆ ಕೊಟ್ಟಿಲ್ಲ ಅಂತ ಪ್ರಮಾಣ ಮಾಡಬೇಕು, ಧರ್ಮೋಪದೇಶಕಾಂಡ 26. ದೇವರ ಪಾಲಿನದ್ದು ಕೊಡಬೇಡಿ ಅಂದಿದಾರೆ, ಬೇರೆದರಲ್ಲಿ ಕೊಟ್ರೆ ಏನೂ ಅಂದಿಲ್ಲ. ಕ್ಯಾಥೊಲಿಕರ ಬೈಬಲ್ಲಲ್ಲಿರೋ ತೊಬಿತನ ಪುಸ್ತಕದಲ್ಲಂತೂ ನೀತಿವಂತರ ಸಮಾಧಿ ಮೇಲೆ ರೊಟ್ಟಿ ಇಡು, ಪಾಪಿಗಳಿಗೆ ಇಡಬೇಡ ಅಂತ ಅಪ್ಪ ಮಗನಿಗೆ ಬುದ್ಧಿ ಹೇಳ್ತಾನೆ.

ಕಡಲಕರೆ_ಟೀಚರ್

ಅದು ಸಮಾಧಿಯ ಹತ್ರ ದುಃಖದಲ್ಲಿದ್ದವರಿಗೆ ಕೊಡುವ ಊಟ ಅಂತಲೂ ಅರ್ಥ ಮಾಡ್ತಾರೆ. ಎಲ್ಲವನ್ನೂ ಎಡೆ ಅಂತ ಓದಬೇಡಿ.

ನಮ್ಮ ಚರ್ಚಿನಲ್ಲಿ ಮಣ್ಣು ಮಾಡುವಾಗ ಪಾದ್ರಿಗಳು ಯೋಬನ ಮಾತೇ ಓದುದು, ಯೆಹೋವನೇ ಕೊಟ್ಟ ಯೆಹೋವನೇ ತಗೊಂಡ ಅಂತ. ಅಲ್ಲಿಗೆ ನಿಲ್ಲಿಸ್ತಾರೆ. ಎರಡು ಅಧ್ಯಾಯ ದಾಟಿದ ಮೇಲೆ ಅದೇ ಯೋಬ ತಾನು ಹುಟ್ಟಿದ ದಿನವನ್ನೇ ಶಪಿಸುದು ಯಾವ ಸಾವಿನ ಮನೆಯಲ್ಲೂ ಓದಿದ್ದು ಕೇಳ್ಲಿಲ್ಲ.

ಮಾಡರೇಟರ್

ನಿಮ್ಮ ನಿಮ್ಮ ಊರಿನ ಪಾದ್ರಿಗಳು, ಸ್ಮಶಾನದ ಜಾಗದ ತಕರಾರು, ಯಾರು ಸುಡಬೇಕು ಯಾರು ಹೂಳಬೇಕು ಅನ್ನೋ ಜಗಳ ಇಲ್ಲಿ ಬೇಡ. ಈಗಾಗ್ಲೇ ಮೂರು ಕಾಮೆಂಟ್ ತೆಗ್ದಿದೀನಿ.

ಸಂಜೆಓದು

ಥ್ಯಾಂಕ್ಸ್ ಎಲ್ರಿಗೂ. ಇದನ್ನೆಲ್ಲ ಗುಂಪಲ್ಲಿ ಓದಿ ಹೇಳಿದೆ. ಹಿರಿಯರು ಟೀಚರ್ ಕಡೆ, ನಾನಿನ್ನೂ ಬಸ್ಯಾ ಕಡೆ. ನಾವೀಗ 4ನೇ ಅಧ್ಯಾಯ ಮುಗಿಸಿದ್ವಿ. ಸೌಲನ ಮಗ ಈಷ್ಬೋಶೆತನನ್ನ ಮಧ್ಯಾಹ್ನ ಮಲಗಿದ್ದಾಗ ಇಬ್ಬರು ಕೊಂದು ತಲೆ ತಂದು ದಾವೀದನಿಗೆ ಕೊಡ್ತಾರೆ, ಬಹುಮಾನ ಸಿಗುತ್ತೆ ಅಂತ. ಅವನು ಅವರನ್ನೇ ಕೊಲ್ಲಿಸಿ, ಕೈಕಾಲು ಕಡಿಸಿ ಹೆಬ್ರೋನಿನ ಕೊಳದ ಹತ್ರ ನೇತುಹಾಕಿಸ್ತಾನೆ, ಆ ತಲೆಯನ್ನ ಅಬ್ನೇರನ ಸಮಾಧೀಲೇ ಹೂಳಿಸ್ತಾನೆ. ಇಲ್ಲಿ ಅತ್ತ ಅಂತ ಇಲ್ಲ.

ಬಯಲುಸೀಮೆ_ಬಸ್ಯಾ

ಅಳೋ ಅವಶ್ಯಕತೆ ಇರ್ಲಿಲ್ಲ. ಕೊಂದವರು ಯೋವಾಬನ ಥರ ಸ್ವಂತ ಅಕ್ಕನ ಮಕ್ಕಳಲ್ಲ, ಕೊಂದು ತೋರಿಸಿದ್ರೆ ಸಾಕಾಯ್ತು.

ಪೇಡಾ_ಪ್ರಿಯ

ಯೋವಾಬನ್ನ ಕಡೀಕ ಬಲಿಪೀಠದ ಕೊಂಬು ಹಿಡಕೊಂಡು ನಿಂತಲ್ಲೇ ಕೊಂದ್ರು, ಆದ್ರೂ ಅವನ ಸ್ವಂತ ಮನ್ಯಾಗ ಹೂಳಿದ್ರು, 1 ಅರಸುಗಳು 2. ಕತ್ತೆಗೆ ಮಾಡೋ ಸಂಸ್ಕಾರ ಆಗಲಿಲ್ಲ ಅಷ್ಟರ ಮಟ್ಟಿಗೆ ಪುಣ್ಯಾ.

ಹೊಸಬ_22

ಮನೇಲಿ ಹೂಳೋದಾ? ಹೆಣ ಮುಟ್ಟಿದ್ರೇ 7 ದಿನ ಮೈಲಿಗೆ ಅಂತ ಇದೆಯಲ್ಲ ಅರಣ್ಯಕಾಂಡದಲ್ಲಿ?

ಶಿಲಾಲೇಖ

ಪ್ರವಾದಿ ಸಮುವೇಲನನ್ನೂ ರಾಮಾ ಅನ್ನೋ ಊರಲ್ಲಿ ಅವನ ಮನೇಲೇ ಹೂಳಿದ್ರು, ಮನಸ್ಸೆ ರಾಜನನ್ನ ಅರಮನೆ ತೋಟದಲ್ಲಿ. ಮನೆ ಅಂದ್ರೆ ಮಲಗೋ ಕೋಣೆ ಅಂತಲ್ಲ, ಮನೆಗೆ ಸೇರಿದ ಜಾಗ ಇರಬಹುದು. ಮೈಲಿಗೆ ಬೇರೆ ದೊಡ್ಡ ಕಥೆ, 3ನೇ ದಿನ 7ನೇ ದಿನ ಕೆಂದು ಹಸುವಿನ ಬೂದಿ ಕಲೆಸಿದ ನೀರು ಚಿಮುಕಿಸಬೇಕು, ಮಹಾಯಾಜಕ ಅಂತೂ ಸ್ವಂತ ಅಪ್ಪ ಅಮ್ಮ ಸತ್ರೂ ಹತ್ತಿರ ಹೋಗೋ ಹಾಗಿಲ್ಲ. ಬೇರೆ ಥ್ರೆಡ್ ಶುರು ಮಾಡಿ, ಅಲ್ಲಿ ಬರೀತೀನಿ.

ಕಡಲಕರೆ_ಟೀಚರ್

ಶುರು ಮಾಡಿ, ಆದ್ರೆ ಬಸ್ಯಾನಿಗೆ ಲಿಂಕ್ ಕೊಡಬೇಡಿ.